ಮಾತ್ರೆ ಗೊತ್ತು, ಕಾಯಿಲೆ? ನರ್ಸಿಂಗ್ ವಿದ್ಯಾರ್ಥಿಗಳು ತಾವೇ ನುಂಗುವ ಆ್ಯಂಟಿಬಯೋಟಿಕ್

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ 12 ದೇಶಗಳ ಸುಮಾರು 10,000 ಜನರನ್ನು ಆ್ಯಂಟಿಬಯೋಟಿಕ್‌ಗಳ ಬಗ್ಗೆ ಪ್ರಶ್ನಿಸಿತು. ನೆಗಡಿಗೂ ಫ್ಲೂಗೂ ಈ ಔಷಧಗಳು ನಾಟುತ್ತವೆ ಎಂದವರು ಶೇ 64ರಷ್ಟು. ಔಷಧಕ್ಕೆ ಪ್ರತಿರೋಧ ಬೆಳೆಯುವುದು ನಮ್ಮ ದೇಹದಲ್ಲಿ ಎಂದು ತಪ್ಪಾಗಿ ತಿಳಿದವರು ಶೇ 76ರಷ್ಟು. ಪ್ರತಿರೋಧ ಬೆಳೆಸಿಕೊಳ್ಳುವುದು ಬ್ಯಾಕ್ಟೀರಿಯಾ ಎಂಬುದು ಅವರಿಗೆ ಗೊತ್ತಿರಲಿಲ್ಲ. ಇದೇ ಪ್ರಶ್ನೆಪತ್ರಿಕೆಯನ್ನು ಔಷಧಶಾಸ್ತ್ರದ ಪಾಠ ಮುಗಿಸಿದ ನರ್ಸಿಂಗ್ ವಿದ್ಯಾರ್ಥಿನಿಯ ಕೈಗೆ ಕೊಟ್ಟರೆ ಬಹುಪಾಲು ಸರಿಯುತ್ತರಗಳೇ ಬರುತ್ತವೆ. ಅದೇ ವಿದ್ಯಾರ್ಥಿನಿ ಗಂಟಲು ಕೆರೆಯತೊಡಗಿದ ಎರಡನೇ ದಿನ, ಯಾರನ್ನೂ ಕೇಳದೆ, ಅಜಿತ್ರೋಮೈಸಿನ್ ಎಂಬ ಆ್ಯಂಟಿಬಯೋಟಿಕ್ ನುಂಗಿ ಪಾಳಿಗೆ ಹೋಗಿರುತ್ತಾಳೆ.

ನರ್ಸಿಂಗ್ ಮತ್ತು ಇತರ ಆರೋಗ್ಯ ವಿಜ್ಞಾನದ ವಿದ್ಯಾರ್ಥಿಗಳ ಬಗ್ಗೆ ಬೇರೆಬೇರೆ ದೇಶಗಳಲ್ಲಿ ನಡೆದ ಸಮೀಕ್ಷೆಗಳು ಮತ್ತೆ ಮತ್ತೆ ಮುಗ್ಗರಿಸುವುದು ಇಲ್ಲಿಯೇ. ಜ್ಞಾನದ ಪ್ರಶ್ನೆಗಳಿಗೆ ಒಳ್ಳೆಯ ಅಂಕ ಬರುತ್ತದೆ, ನಡವಳಿಕೆಯ ಪ್ರಶ್ನೆಗಳಿಗೆ ಬರುವ ಉತ್ತರ ಅದಕ್ಕೆ ತಾಳೆಯಾಗುವುದಿಲ್ಲ. ಇಂಥ ಸಮೀಕ್ಷೆಗಳಲ್ಲಿ ಬರುವ ಶೇಕಡಾವಾರು ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುವುದರಲ್ಲಿ ಹೆಚ್ಚು ಅರ್ಥವಿಲ್ಲ. ಒಬ್ಬರು ‘ಕಳೆದ ಆರು ತಿಂಗಳಲ್ಲಿ’ ಎಂದು ಕೇಳುತ್ತಾರೆ, ಇನ್ನೊಬ್ಬರು ‘ಎಂದಾದರೂ’ ಎಂದು ಕೇಳುತ್ತಾರೆ. ಹಳೆಯ ಚೀಟಿ ತೋರಿಸಿ ಮತ್ತೆ ಔಷಧ ತಂದದ್ದು ಒಂದು ಕಡೆ ಸ್ವಯಂಚಿಕಿತ್ಸೆ, ಮತ್ತೊಂದು ಕಡೆ ಅಲ್ಲ. ಉತ್ತರಿಸುವವರು ನೆನಪಿನಿಂದ ಉತ್ತರಿಸುತ್ತಾರೆ, ಅದೂ ತಮ್ಮ ಕಾಲೇಜಿನ ಶಿಕ್ಷಕರು ಹಂಚಿದ ಹಾಳೆಯ ಮೇಲೆ. ಆದ್ದರಿಂದ ಎಷ್ಟು ಮಂದಿ ಎಂಬುದಕ್ಕಿಂತ, ತಿಳಿದವರೇ ಏಕೆ ಹೀಗೆ ಮಾಡುತ್ತಾರೆ ಎಂಬುದು ಉಪಯುಕ್ತ ಪ್ರಶ್ನೆ.

ಸಿದ್ಧ ಉತ್ತರ ‘ಅರಿವಿನ ಕೊರತೆ’. ವರದಿಗಳ ಕೊನೆಯಲ್ಲಿ ‘ಜಾಗೃತಿ ಕಾರ್ಯಕ್ರಮ ಹಮ್ಮಿಕೊಳ್ಳಬೇಕು’ ಎಂಬ ಶಿಫಾರಸು ತಪ್ಪದೆ ಬರುತ್ತದೆ. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಈ ವಿದ್ಯಾರ್ಥಿಗಳಿಗೆ ಅರಿವಿದೆ. ಆ ಅರಿವು ಯಾವ ಕೆಲಸಕ್ಕಾಗಿ ತಯಾರಾದದ್ದು, ಅದನ್ನು ಅವರು ಯಾವ ಕೆಲಸಕ್ಕೆ ಹಚ್ಚುತ್ತಿದ್ದಾರೆ ಎಂಬುದನ್ನು ಬಿಡಿಸಿ ನೋಡಬೇಕು.

ಐದು ‘ಸರಿ’ಗಳಲ್ಲಿ ಇಲ್ಲದ ಒಂದು

ಔಷಧ ಕೊಡುವ ಮುನ್ನ ಪರಿಶೀಲಿಸಬೇಕಾದ ಐದು ಅಂಶಗಳನ್ನು ಜಗತ್ತಿನ ಯಾವುದೇ ನರ್ಸಿಂಗ್ ಕಾಲೇಜಿನಲ್ಲಿ ಬಾಯಿಪಾಠ ಮಾಡಿಸುತ್ತಾರೆ: ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ. ವಾರ್ಡಿನಲ್ಲಿ ಇದು ಪ್ರಾಣ ಉಳಿಸುವ ಶಿಸ್ತು. ರೋಗಿಯ ಕೈಪಟ್ಟಿಯ ಹೆಸರನ್ನು ಓದಿ, ದಾಖಲೆ ಹಾಳೆಯೊಂದಿಗೆ ತಾಳೆ ನೋಡಿ, ಸೀಸೆಯ ಮೇಲಿನ ಹೆಸರನ್ನು ತೆಗೆಯುವಾಗಲೊಮ್ಮೆ, ಅಳೆಯುವಾಗಲೊಮ್ಮೆ, ಇಡುವಾಗಲೊಮ್ಮೆ ಓದುವ ಅಭ್ಯಾಸವನ್ನು ಮೈಗೂಡಿಸಲು ವರ್ಷಗಳು ಬೇಕು.

ಈ ಐದರಲ್ಲಿ ‘ಸರಿಯಾದ ಕಾರಣ’ ಇಲ್ಲ. ಇತ್ತೀಚಿನ ಕೆಲವು ಪಠ್ಯಗಳು ಪಟ್ಟಿಯನ್ನು ಹಿಗ್ಗಿಸಿ ಅದನ್ನೂ ಸೇರಿಸಿಕೊಂಡಿವೆ, ಆದರೆ ಮೂಲ ಚೌಕಟ್ಟು ಕಟ್ಟಿದ್ದು ಕಾರಣವನ್ನು ಬೇರೊಬ್ಬರು ಆಗಲೇ ನಿರ್ಧರಿಸಿದ್ದಾರೆ ಎಂಬ ನಂಬಿಕೆಯ ಮೇಲೆ. ವೈದ್ಯರು ರೋಗಿಯನ್ನು ಮುಟ್ಟಿ ನೋಡಿದ್ದಾರೆ, ಬೇಕಾದ ಪರೀಕ್ಷೆ ಬರೆದಿದ್ದಾರೆ, ಇದು ಬ್ಯಾಕ್ಟೀರಿಯಾ ಸೋಂಕು ಎಂಬ ತೀರ್ಮಾನಕ್ಕೆ ಬಂದಿದ್ದಾರೆ. ಉಳಿದದ್ದು ಔಷಧವನ್ನು ತಪ್ಪಿಲ್ಲದೆ ತಲುಪಿಸುವ ಕೆಲಸ. ಆ ಕೆಲಸದಲ್ಲಿ ನರ್ಸಿಂಗ್ ವಿದ್ಯಾರ್ಥಿನಿ ನಿಜಕ್ಕೂ ಪಳಗಿದ್ದಾಳೆ. (ಈ ಓದಿನಲ್ಲಿ ಹೆಣ್ಣುಮಕ್ಕಳೇ ಹೆಚ್ಚಾದ್ದರಿಂದ ಹೀಗೆ ಬರೆಯುತ್ತಿದ್ದೇನೆ. ಹುಡುಗರು ಇದಕ್ಕೆ ಹೊರತೆಂದು ಭಾವಿಸಬಾರದು.) ಅಮಾಕ್ಸಿಸಿಲಿನ್‌ನ ವಯಸ್ಕರ ಪ್ರಮಾಣ, ದಿನಕ್ಕೆ ಎಷ್ಟು ಹೊತ್ತು, ಊಟಕ್ಕೆ ಮುಂಚೆಯೋ ಆಮೇಲೋ, ಅಡ್ಡಪರಿಣಾಮ ಏನು, ಎಲ್ಲವೂ ಆಕೆಗೆ ಗೊತ್ತು. ತನ್ನ ಮೇಲೆ ಪ್ರಯೋಗಿಸುವಾಗ ಐದಕ್ಕೆ ಐದೂ ಸರಿಯಾಗಿರುತ್ತವೆ. ರೋಗಿ ತಾನೇ ಆದ್ದರಿಂದ ಮೊದಲನೆಯದರಲ್ಲಂತೂ ತಪ್ಪಾಗುವ ಸಂಭವವೇ ಇಲ್ಲ.

ಸ್ವಯಂಚಿಕಿತ್ಸೆಯಲ್ಲಿ ಆಕೆ ಮಾಡುತ್ತಿರುವುದು ಮಾತ್ರ ಆ ಐದರ ಆಚೆಗಿನ ಕೆಲಸ, ಈ ಔಷಧ ಬೇಕೇ ಬೇಡವೇ ಎಂಬ ನಿರ್ಧಾರ. ಪ್ರಮಾಣದಲ್ಲಿ, ಹೊತ್ತಿನಲ್ಲಿ ಇರುವ ಖಚಿತತೆ ಸದ್ದಿಲ್ಲದೆ ಈ ನಿರ್ಧಾರಕ್ಕೂ ಹರಿದು ಬರುತ್ತದೆ. ಏನೂ ತಿಳಿಯದವನು ಔಷಧ ಅಂಗಡಿಯಲ್ಲಿ ‘ಏನಾದರೂ ಕೊಡಿ’ ಎನ್ನುವಾಗ ಒಳಗೊಂದು ಅಳುಕಾದರೂ ಇರುತ್ತದೆ. ಹೆಸರು, ಮಿಲಿಗ್ರಾಂ, ದಿನಗಳ ಲೆಕ್ಕ ಎಲ್ಲವನ್ನೂ ತಡವರಿಸದೆ ಹೇಳುವವಳನ್ನು ಅಂಗಡಿಯವನೂ ಮರುಪ್ರಶ್ನಿಸುವುದಿಲ್ಲ, ಆಕೆಯೂ ತನ್ನನ್ನು ಪ್ರಶ್ನಿಸಿಕೊಳ್ಳುವುದಿಲ್ಲ.

ಹದಿನಾರು ಗಂಟೆಗಳ ಲಾಭ

ಗಂಟಲುನೋವನ್ನೇ ತೆಗೆದುಕೊಳ್ಳೋಣ. ಇಂಥ ಸಮೀಕ್ಷೆಗಳಲ್ಲಿ ಆ್ಯಂಟಿಬಯೋಟಿಕ್‌ಗೆ ಕಾರಣವಾಗಿ ಮೇಲಿನ ಸಾಲಿನಲ್ಲಿ ಕಾಣಿಸುವುದು ಇದು, ಜೊತೆಗೆ ಜ್ವರ, ಕೆಮ್ಮು, ನೆಗಡಿ. ಗಂಟಲುನೋವಿನ ಬಹುಪಾಲು ವೈರಸ್‌ಗಳದು. ವಯಸ್ಕರಲ್ಲಿ ‘ಎ’ ಗುಂಪಿನ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದಿಂದ ಬರುವುದು ಸಾಮಾನ್ಯವಾಗಿ ಶೇ 5ರಿಂದ 15ರಷ್ಟು. ಗಂಟಲುನೋವಿಗೆ ಆ್ಯಂಟಿಬಯೋಟಿಕ್ ಕೊಟ್ಟು ನೋಡಿದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿದ, ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧಕರ ಜಾಲದ ವಿಮರ್ಶೆಯ ಪ್ರಕಾರ, ಔಷಧ ತೆಗೆದುಕೊಂಡವರಿಗೆ ತೊಂದರೆ ಕಡಿಮೆಯಾದದ್ದು ಸರಾಸರಿ 16 ಗಂಟೆಗಳಷ್ಟು. ಯಾವ ಆ್ಯಂಟಿಬಯೋಟಿಕ್ಕೂ ಇಲ್ಲದೆ ಒಂದು ವಾರದೊಳಗೆ ಚೇತರಿಸಿಕೊಂಡವರು ಶೇ 80ಕ್ಕಿಂತ ಹೆಚ್ಚು.

ಈಗ ಇದನ್ನು ವಿದ್ಯಾರ್ಥಿನಿಯ ಕಡೆಯಿಂದ ನೋಡಿ. ಸೋಮವಾರ ಗಂಟಲು ಕೆರೆತ. ಮಂಗಳವಾರ ಜ್ವರ, ನುಂಗಲು ಕಷ್ಟ, ರಾತ್ರಿ ಮಾತ್ರೆ ಶುರು. ಶುಕ್ರವಾರ ಹಗುರ. ಗುಣವಾದದ್ದು ಮಾತ್ರೆಯಿಂದ ಎಂದು ಆಕೆ ತಿಳಿದರೆ ತಪ್ಪೇನು? ಕಾಯಿಲೆ ತನ್ನ ಪಾಡಿಗೆ ಇಳಿಯುವ ಹೊತ್ತಿಗೆ ಸರಿಯಾಗಿ ಮಾತ್ರೆ ಹೊಟ್ಟೆ ಸೇರಿದೆ, ಕೀರ್ತಿಯೆಲ್ಲ ಅದಕ್ಕೇ ಸಂದಿದೆ. ಎರಡು ಸಲ ಹೀಗಾದರೆ ಅದು ಅನುಭವ. ಮೂರನೇ ಸಲ ಆಕೆ ಕೋಣೆಯ ಗೆಳತಿಗೆ ಸಲಹೆ ಕೊಡುತ್ತಾಳೆ. ತರಗತಿಯಲ್ಲಿ ಒಮ್ಮೆ ಕೇಳಿದ ‘ವೈರಸ್‌ಗೆ ಆ್ಯಂಟಿಬಯೋಟಿಕ್ ನಾಟದು’ ಎಂಬ ವಾಕ್ಯ ಸ್ವಂತ ಮೈಯ ಸಾಕ್ಷ್ಯದ ಮುಂದೆ ಸೋಲುತ್ತದೆ. ಔಷಧವಿಲ್ಲದೆಯೂ ಅದೇ ಶುಕ್ರವಾರ ಹಗುರಾಗುತ್ತಿತ್ತು ಎಂಬುದನ್ನು ತಿಳಿಯಲು ಆಕೆಗೆ ದಾರಿಯೇ ಇಲ್ಲ. ಹೋಲಿಕೆಗೆ ಇನ್ನೊಂದು ಗುಂಪು ಬೇಕು ಎಂಬ ಸಂಶೋಧನಾ ವಿಧಾನದ ಪಾಠವನ್ನು ತನ್ನ ಗಂಟಲಿಗೆ ಯಾರು ತಾನೇ ಅನ್ವಯಿಸಿಕೊಂಡಾರು?

ಔಷಧ ಸಿಗುವ ಬಗೆಗಳೂ ಈ ಅಭ್ಯಾಸಕ್ಕೆ ನೀರೆರೆಯುತ್ತವೆ. ಹಿಂದಿನ ಕಾಯಿಲೆಯಲ್ಲಿ ಉಳಿದ ನಾಲ್ಕು ಮಾತ್ರೆ, ಹಿರಿಯ ವಿದ್ಯಾರ್ಥಿನಿಯ ಪೆಟ್ಟಿಗೆ, ಚೀಟಿ ಕೇಳದ ಔಷಧ ಅಂಗಡಿ. ನರ್ಸಿಂಗ್ ವಿದ್ಯಾರ್ಥಿಗಳಿಗಷ್ಟೇ ಇರುವ ನಾಲ್ಕನೆಯ ದಾರಿ ಆಸ್ಪತ್ರೆಯ ಪಡಸಾಲೆಯದು. ಸುತ್ತು ಮುಗಿಸಿ ಹೊರಟ ಕಿರಿಯ ವೈದ್ಯರನ್ನು ನಿಲ್ಲಿಸಿ ‘ಸರ್, ಗಂಟಲುನೋವು, ಅಜಿತ್ರೋ ತಗೊಳ್ಳಲಾ?’ ಎಂದರೆ ಅವರು ನಡೆಯುತ್ತಲೇ ತಲೆಯಾಡಿಸುತ್ತಾರೆ. ಕಾಗದದ ಮೇಲೆ ಇದು ವೈದ್ಯರ ಸಲಹೆ. ಗಂಟಲನ್ನು ಯಾರೂ ನೋಡಿಲ್ಲ, ಕತ್ತಿನ ಗ್ರಂಥಿಗಳನ್ನು ಯಾರೂ ಮುಟ್ಟಿಲ್ಲ, ಕೆಮ್ಮು ಇದೆಯೇ ಎಂದೂ ಕೇಳಿಲ್ಲ. ಸಮೀಕ್ಷೆಯಲ್ಲಿ ಆಕೆ ‘ವೈದ್ಯರನ್ನು ಕೇಳಿ ತೆಗೆದುಕೊಂಡೆ’ ಎಂದು ಗುರುತು ಹಾಕುತ್ತಾಳೆ, ಅದು ಸುಳ್ಳೂ ಅಲ್ಲ.

ಫ್ಲೆಮಿಂಗ್ ಹೇಳಿದ ಗಂಟಲುನೋವಿನ ಕಥೆ

1945ರ ಡಿಸೆಂಬರ್ 11ರಂದು ನೊಬೆಲ್ ಉಪನ್ಯಾಸ ನೀಡಿದ, ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್, ಆ ಔಷಧವನ್ನು ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳುವಂಥ ಕಾಲ ಬರಬಹುದು ಎಂದು ಎಚ್ಚರಿಸಿ, ಕೊನೆಗೆ ಒಂದು ಕಲ್ಪಿತ ಪ್ರಸಂಗ ಹೇಳಿದರು. ಒಬ್ಬನಿಗೆ ಗಂಟಲುನೋವು. ತಾನೇ ಪೆನ್ಸಿಲಿನ್ ಕೊಂಡು ಅರೆಬರೆ ಪ್ರಮಾಣದಲ್ಲಿ ತೆಗೆದುಕೊಳ್ಳುತ್ತಾನೆ. ಸೂಕ್ಷ್ಮಜೀವಿಗಳು ಸಾಯುವ ಬದಲು ಔಷಧವನ್ನು ಎದುರಿಸಲು ಕಲಿಯುತ್ತವೆ. ಅವು ಹೆಂಡತಿಗೆ ಅಂಟಿ ಆಕೆಗೆ ನ್ಯುಮೋನಿಯಾ ಆಗುತ್ತದೆ, ಪೆನ್ಸಿಲಿನ್ ಕೆಲಸ ಮಾಡುವುದಿಲ್ಲ, ಆಕೆ ಸಾಯುತ್ತಾಳೆ. ಈ ಸಾವಿಗೆ ಹೊಣೆ ಗಂಡನೇ ಎಂದರು ಫ್ಲೆಮಿಂಗ್.

ಎಚ್ಚರಿಕೆ ನಿಜವಾಯಿತು, ಕಥೆಯ ವಿವರ ಮಾತ್ರ ಬೇರೆ ತಿರುವು ಪಡೆಯಿತು. ಗಂಟಲುನೋವು ತರುವ ‘ಎ’ ಗುಂಪಿನ ಸ್ಟ್ರೆಪ್ಟೊಕಾಕಸ್ ಇಂದಿಗೂ ಪೆನ್ಸಿಲಿನ್‌ಗೆ ಬಗ್ಗುತ್ತದೆ. ಎಂಟು ದಶಕಗಳ ಬಳಕೆಯ ಬಳಿಕವೂ ಅದರ ಗಂಟಲು ಸೋಂಕಿಗೆ ಮೊದಲ ಆಯ್ಕೆ ಪೆನ್ಸಿಲಿನ್ ಅಥವಾ ಅಮಾಕ್ಸಿಸಿಲಿನ್. ಅದೇ ಬ್ಯಾಕ್ಟೀರಿಯಾ ಅಜಿತ್ರೋಮೈಸಿನ್ ಸೇರಿರುವ ಮ್ಯಾಕ್ರೋಲೈಡ್ ಗುಂಪಿಗೆ ಹಲವೆಡೆ ಪ್ರತಿರೋಧ ಬೆಳೆಸಿಕೊಂಡಿದೆ. ಅಂದರೆ ‘ದಿನಕ್ಕೊಂದು, ಮೂರೇ ದಿನ’ ಎಂಬ ಅನುಕೂಲಕ್ಕೆ ಮನಸೋತು ಅಜಿತ್ರೋ ಆರಿಸಿಕೊಂಡವಳಿಗೆ, ಒಂದು ವೇಳೆ ಸೋಂಕು ನಿಜಕ್ಕೂ ಬ್ಯಾಕ್ಟೀರಿಯಾದ್ದೇ ಆಗಿದ್ದರೂ, ಆಯ್ಕೆ ತಪ್ಪಿರುವ ಸಾಧ್ಯತೆ ಇದೆ.

ಫ್ಲೆಮಿಂಗ್ ನೋಡಿದ್ದು ಕಾಯಿಲೆ ತಂದ ಸೂಕ್ಷ್ಮಜೀವಿಯನ್ನು. ಇಂದು ನಮ್ಮನ್ನು ಹೆಚ್ಚು ಕಾಡುವುದು ಕಾಯಿಲೆಗೆ ಸಂಬಂಧವೇ ಇಲ್ಲದೆ ಬಾಯಿ, ಕರುಳು, ಚರ್ಮಗಳಲ್ಲಿ ಸುಮ್ಮನೆ ಬದುಕಿಕೊಂಡಿರುವ ಬ್ಯಾಕ್ಟೀರಿಯಾ. ನುಂಗಿದ ಮಾತ್ರೆ ಗಂಟಲಿಗಷ್ಟೇ ಹೋಗುವುದಿಲ್ಲ, ಇವೆಲ್ಲಕ್ಕೂ ತಾಗುತ್ತದೆ. ಬಗ್ಗುವವು ಸಾಯುತ್ತವೆ, ಬಗ್ಗದವು ಖಾಲಿಯಾದ ಜಾಗದಲ್ಲಿ ಹಬ್ಬುತ್ತವೆ. ಪ್ರತಿರೋಧದ ಜೀನ್‌ಗಳನ್ನು ಅವು ಪ್ಲಾಸ್ಮಿಡ್ ಎಂಬ ಡಿಎನ್‌ಎ ಬಳೆಗಳ ಮೂಲಕ ಬೇರೆ ಜಾತಿಯ ಬ್ಯಾಕ್ಟೀರಿಯಾಗಳಿಗೂ ದಾಟಿಸಬಲ್ಲವು.

ಇದನ್ನು ತೋರಿಸಿದ ಒಂದು ಪ್ರಯೋಗ ಸ್ವಲ್ಪ ನಿಂತು ನೋಡುವಂಥದ್ದು. 2007ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬೆಲ್ಜಿಯಂನ ಸಂಶೋಧಕರು ಪ್ರಕಟಿಸಿದ್ದು. ಯಾವ ಕಾಯಿಲೆಯೂ ಇಲ್ಲದ 224 ಸ್ವಯಂಸೇವಕರಲ್ಲಿ ಕೆಲವರಿಗೆ ಅಜಿತ್ರೋಮೈಸಿನ್, ಕೆಲವರಿಗೆ ಕ್ಲಾರಿತ್ರೋಮೈಸಿನ್, ಉಳಿದವರಿಗೆ ಔಷಧವಿಲ್ಲದ ಹುಸಿ ಮಾತ್ರೆ ಕೊಟ್ಟು, ಅವರ ಬಾಯಿಯಲ್ಲಿ ಸಹಜವಾಗಿರುವ ಸ್ಟ್ರೆಪ್ಟೊಕಾಕಸ್‌ಗಳನ್ನು ತಿಂಗಳುಗಟ್ಟಲೆ ಪರೀಕ್ಷಿಸಿದರು. ಔಷಧ ಪಡೆದವರ ಬಾಯಿಯಲ್ಲಿ ಬಗ್ಗದ ಬ್ಯಾಕ್ಟೀರಿಯಾದ ಪಾಲು ದಿಢೀರನೆ ಏರಿತು, 180 ದಿನಗಳ ಬಳಿಕವೂ ಅದು ಹುಸಿ ಮಾತ್ರೆಯವರಿಗಿಂತ ಹೆಚ್ಚೇ ಇತ್ತು. ಒಂದೇ ಒಂದು ಸಣ್ಣ ಸುತ್ತಿನ ಔಷಧಕ್ಕೆ ಅರ್ಧ ವರ್ಷದ ಗುರುತು. ಅಜಿತ್ರೋಮೈಸಿನ್ ಅಂಗಾಂಶಗಳಲ್ಲಿ ಬಹಳ ದಿನ ಉಳಿಯುವ ಔಷಧ, ನಿಧಾನವಾಗಿ ಕರಗುತ್ತ ಹೋಗುತ್ತದೆ. ಮೂರು ದಿನಕ್ಕೆ ಮುಗಿಯುವ ಅನುಕೂಲ ಬಂದಿರುವುದೂ ಈ ಗುಣದಿಂದಲೇ, ಕೊಲ್ಲಲಾಗದಷ್ಟು ಕ್ಷೀಣವಾಗಿ ವಾರಗಟ್ಟಲೆ ಉಳಿದು ಬಗ್ಗದವಕ್ಕೆ ದಾರಿ ಮಾಡಿಕೊಡುವ ಅನನುಕೂಲ ಬಂದಿರುವುದೂ ಇದರಿಂದಲೇ.

ವಿಶ್ವ ಆರೋಗ್ಯ ಸಂಸ್ಥೆ 2017ರಿಂದ ಆ್ಯಂಟಿಬಯೋಟಿಕ್‌ಗಳನ್ನು ಮೂರು ಗುಂಪು ಮಾಡಿದೆ: ಸಾಮಾನ್ಯ ಸೋಂಕುಗಳಿಗೆ ಮೊದಲು ಬಳಸಬೇಕಾದವು, ಕಣ್ಣಿಟ್ಟು ಬಳಸಬೇಕಾದವು, ಕೊನೆಯ ಅಸ್ತ್ರವಾಗಿ ಕಾದಿರಿಸಬೇಕಾದವು. ಅಮಾಕ್ಸಿಸಿಲಿನ್ ಮೊದಲ ಗುಂಪಿನದು. ಅಜಿತ್ರೋಮೈಸಿನ್, ಸಿಪ್ರೊಫ್ಲಾಕ್ಸಸಿನ್, ಸೆಫಿಕ್ಸಿಮ್ ಮೂರೂ ಎರಡನೆಯ ಗುಂಪಿನವು. ವಿದ್ಯಾರ್ಥಿಗಳ ಕಪಾಟಿನಲ್ಲಿ ಈ ಎರಡನೆಯ ಗುಂಪಿನವು ಸಲೀಸಾಗಿ ಸಿಗುತ್ತವೆ.

ತನ್ನ ಮೈಗೇ ಆಗುವ ಪೆಟ್ಟು

ಪ್ರತಿರೋಧದ ಮಾತು ಎಷ್ಟು ದೊಡ್ಡದೋ ಅಷ್ಟೇ ದೂರದ್ದು. ಪಾಳಿಗೆ ತಡವಾಗುತ್ತಿರುವವಳಿಗೆ ಅದು ತಟ್ಟುವುದಿಲ್ಲ. ಆದರೆ ಈ ವಯಸ್ಸಿನಲ್ಲಿ, ಈ ಕೆಲಸದಲ್ಲಿ ಇರುವವರಿಗೆ ಹತ್ತಿರದ ಅಪಾಯಗಳೂ ಇವೆ. ತರಗತಿಯಲ್ಲಿ ಅವಕ್ಕೆ ಸಿಗುವ ಹೊತ್ತು ಕಡಿಮೆ.

ಹದಿಹರೆಯದ ಕೊನೆ ಮತ್ತು ಇಪ್ಪತ್ತರ ಆರಂಭದಲ್ಲಿ ತೀವ್ರ ಗಂಟಲುನೋವು, ಜ್ವರ, ಕತ್ತಿನಲ್ಲಿ ಗ್ರಂಥಿ ಊತ ತರುವ ಒಂದು ಕಾಯಿಲೆ ಎಪ್‌ಸ್ಟೀನ್-ಬಾರ್ ವೈರಸ್‌ನದು, ಗ್ರಂಥಿ ಜ್ವರ ಎನ್ನುತ್ತಾರೆ. ನೋಡಲು ಥೇಟ್ ಬ್ಯಾಕ್ಟೀರಿಯಾ ಸೋಂಕಿನಂತೆಯೇ, ಗಂಟಲಿನಲ್ಲಿ ಬಿಳಿ ಪೊರೆ ಸಹಿತ. ಈ ಸ್ಥಿತಿಯಲ್ಲಿ ಅಮಾಕ್ಸಿಸಿಲಿನ್ ತೆಗೆದುಕೊಂಡ ಗಣನೀಯ ಪಾಲಿನವರಿಗೆ ಮೈತುಂಬ ಕೆಂಪು ಗಂಧೆ ಏಳುತ್ತದೆ. ಬಹುತೇಕ ಅದು ನಿಜವಾದ ಪೆನ್ಸಿಲಿನ್ ಅಲರ್ಜಿ ಅಲ್ಲ. ಆದರೆ ಆ ದಿನದಿಂದ ಆಕೆ ಹೋದಲ್ಲೆಲ್ಲ ‘ನನಗೆ ಪೆನ್ಸಿಲಿನ್ ಆಗದು’ ಎಂದು ಬರೆಸುತ್ತಾಳೆ. ಹೀಗೆ ಅಂಟಿದ ಹಣೆಪಟ್ಟಿ ಜೀವಮಾನವಿಡೀ ಉಳಿಯುತ್ತದೆ, ಮುಂದೆ ನಿಜಕ್ಕೂ ಗಂಭೀರ ಸೋಂಕಾದಾಗ ಅತ್ಯುತ್ತಮ ಔಷಧವನ್ನು ಬದಿಗಿಟ್ಟು ಎರಡನೇ ದರ್ಜೆಯದನ್ನು ಕೊಡಬೇಕಾಗುತ್ತದೆ. ಪೆನ್ಸಿಲಿನ್ ಅಲರ್ಜಿ ಇದೆ ಎಂದು ಹೇಳಿಕೊಳ್ಳುವವರನ್ನು ಕ್ರಮವಾಗಿ ಪರೀಕ್ಷಿಸಿದಾಗ ಹತ್ತರಲ್ಲಿ ಒಂಬತ್ತು ಮಂದಿಗೆ ಅದು ಇರುವುದಿಲ್ಲ.

ಎರಡನೆಯದು ಕ್ಷಯ. ವಾರ್ಡುಗಳಲ್ಲಿ ಓಡಾಡುವ ವಿದ್ಯಾರ್ಥಿಗಳಿಗೆ ಕ್ಷಯದ ಸಂಪರ್ಕ ಇತರರಿಗಿಂತ ಹೆಚ್ಚು. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ ಎಂದು ರೋಗಿಗಳಿಗೆ ಹೇಳುವವರೇ ತಮ್ಮ ಕೆಮ್ಮಿಗೆ ಲೆವೊಫ್ಲಾಕ್ಸಸಿನ್ ನುಂಗಿದರೆ ಏನಾಗುತ್ತದೆ? ಅದು ಸೇರಿರುವ ಫ್ಲೂರೋಕ್ವಿನೊಲೋನ್ ಗುಂಪು ಕ್ಷಯದ ಬ್ಯಾಕ್ಟೀರಿಯಾದ ಮೇಲೂ ಕೆಲಸ ಮಾಡುತ್ತದೆ, ಇತರ ಔಷಧಗಳಿಗೆ ಬಗ್ಗದ ಕ್ಷಯಕ್ಕೆ ಮುಖ್ಯ ಆಸರೆಯೂ ಹೌದು. ಒಂಟಿಯಾಗಿ, ಕೆಲವೇ ದಿನ ತೆಗೆದುಕೊಂಡರೆ ಕೆಮ್ಮು ತಗ್ಗುತ್ತದೆ, ಕಾಯಿಲೆ ಉಳಿಯುತ್ತದೆ, ಪತ್ತೆ ತಡವಾಗುತ್ತದೆ. ಆ ಅವಧಿಯಲ್ಲಿ ಆಕೆ ರೋಗನಿರೋಧಕ ಶಕ್ತಿ ಕುಂದಿದವರ ಹಾಸಿಗೆಯ ಪಕ್ಕದಲ್ಲಿ ಕೆಲಸ ಮಾಡುತ್ತಿರುತ್ತಾಳೆ.

ಮೂರನೆಯದನ್ನು ಹುಡುಗಿಯರು ಗಟ್ಟಿಯಾಗಿ ಹೇಳುವುದಿಲ್ಲ. ಉದ್ದುದ್ದ ಪಾಳಿ, ನೀರು ಕುಡಿಯಲು ಪುರುಸೊತ್ತಿಲ್ಲ, ಶೌಚಾಲಯಕ್ಕೆ ಹೋಗುವುದನ್ನು ಮುಂದೂಡುತ್ತ ಹೋಗುವುದು, ಕೊನೆಗೆ ಉರಿಮೂತ್ರ. ಮೂತ್ರನಾಳದ ಸೋಂಕು ಹೆಂಗಸರಲ್ಲಿ ಎಷ್ಟು ಸಾಮಾನ್ಯವೆಂದರೆ ಸುಮಾರು ಅರ್ಧದಷ್ಟು ಮಂದಿಗೆ ಬದುಕಿನಲ್ಲಿ ಒಮ್ಮೆಯಾದರೂ ಬರುತ್ತದೆ. ದಿನವೂ ಜೊತೆಗೆ ಕೆಲಸ ಮಾಡುವ ವೈದ್ಯರ ಮುಂದೆ ಇದನ್ನು ಹೇಳಿಕೊಳ್ಳುವುದಕ್ಕಿಂತ ಸಿಪ್ರೊಫ್ಲಾಕ್ಸಸಿನ್ ಎರಡು ದಿನ ನುಂಗುವುದು ಸುಲಭ. ಇದು ಗಂಟಲುನೋವಿನಂತಲ್ಲ, ಇಲ್ಲಿ ಬ್ಯಾಕ್ಟೀರಿಯಾ ಇರುವುದು ಬಹುತೇಕ ನಿಜ, ಔಷಧವೂ ಬೇಕಾಗಬಹುದು. ತಪ್ಪುವುದು ಬೇರೆ ಕಡೆ. ಸಿಪ್ರೊಫ್ಲಾಕ್ಸಸಿನ್ ಕೂಡ ಸೇರಿರುವ ಫ್ಲೂರೋಕ್ವಿನೊಲೋನ್ ಗುಂಪಿನ ಔಷಧಗಳನ್ನು ಸ್ನಾಯುರಜ್ಜು ಹರಿಯುವಂಥ ಅಡ್ಡಪರಿಣಾಮಗಳ ಕಾರಣಕ್ಕೆ, ಬೇರೆ ದಾರಿಯಿದ್ದರೆ ಸರಳ ಮೂತ್ರ ಸೋಂಕಿಗೆ ಬಳಸಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಹೇಳಿತು. ಮಾತ್ರೆ ಮೊದಲೇ ನುಂಗಿದ್ದರೆ ಆಮೇಲಿನ ಮೂತ್ರ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯದೇ ಹೋಗಬಹುದು. ಉರಿಗೆ ಕಾರಣ ಲೈಂಗಿಕ ಸೋಂಕೂ ಆಗಿರಬಹುದು, ಅದಕ್ಕೆ ಬೇಕಾದದ್ದು ಬೇರೆಯೇ ಔಷಧ.

ರಜೆ ಎಂಬ ಔಷಧ

ನರ್ಸಿಂಗ್ ಶಿಕ್ಷಣವನ್ನು ಗಂಟೆಗಳಲ್ಲಿ ಅಳೆಯುತ್ತಾರೆ. ಉದಾಹರಣೆಗೆ ಯುರೋಪಿಯನ್ ಒಕ್ಕೂಟದ ನಿಯಮದಂತೆ ಸಾಮಾನ್ಯ ನರ್ಸ್ ಆಗಲು ಕನಿಷ್ಠ 4,600 ಗಂಟೆಗಳ ತರಬೇತಿ ಬೇಕು, ಅದರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ರೋಗಿಗಳ ನಡುವೆ ಆಗಬೇಕು. ಲೆಕ್ಕ ಬೇರೆಯಾದರೂ ಇಂಥ ನಿಯಮಗಳು ಬೇರೆಡೆಯೂ ಇವೆ. ತಪ್ಪಿದ ಪಾಳಿಯನ್ನು ತುಂಬಿಕೊಡಬೇಕು, ತುಂಬದಿದ್ದರೆ ಪರೀಕ್ಷೆಗೆ ಕೂರಲಾಗದು. ನಿಯಮದ ಹಿಂದಿನ ಉದ್ದೇಶ ಒಳ್ಳೆಯದೇ. ಪುಸ್ತಕ ಓದಿ ಯಾರೂ ನರ್ಸ್ ಆಗುವುದಿಲ್ಲ.

ಈ ನಿಯಮ ಜ್ವರ ಬಂದ ವಿದ್ಯಾರ್ಥಿನಿಗೆ ಹೇಳುವುದೇನು? ಹೊರರೋಗಿ ವಿಭಾಗ ತೆರೆದಿರುವ ಹೊತ್ತಿನಲ್ಲಿ ಆಕೆ ವಾರ್ಡಿನಲ್ಲಿರುತ್ತಾಳೆ, ಆಕೆ ಬಿಡುವಾಗುವ ಹೊತ್ತಿಗೆ ಅದು ಮುಚ್ಚಿರುತ್ತದೆ. ಮೂರು ದಿನ ಮಲಗಿದರೆ ರಜಾದಿನಗಳಲ್ಲಿ ಆ ಪಾಳಿಗಳನ್ನು ತೀರಿಸಬೇಕು. ರಜೆ ಕೇಳಿದರೆ ‘ನರ್ಸ್ ಆಗುವವಳು ಇಷ್ಟಕ್ಕೇ ಮಲಗಿದರೆ ಹೇಗಮ್ಮ?’ ಎಂಬ ಮಾತು. ಹಾಗಿರುವಾಗ ಹದಿನಾರು ಗಂಟೆ ಬೇಗ ಗುಣವಾಗುವ ಆಸೆ ಕ್ಷುಲ್ಲಕವೇನಲ್ಲ, ಅದು ಸರಿಸುಮಾರು ಎರಡು ಪಾಳಿ. ಆಕೆ ನುಂಗುವುದು ಆ್ಯಂಟಿಬಯೋಟಿಕ್ ಅನ್ನೇ ಆದರೂ, ಆಕೆಗೆ ಬೇಕಾದದ್ದು ಮಲಗಲು ಅನುಮತಿ. ಅದನ್ನು ಯಾವ ಜಾಗೃತಿ ಉಪನ್ಯಾಸವೂ ಕೊಡಲಾರದು.

ಇಷ್ಟು ಹೇಳಿದ ಮೇಲೆ ಒಂದು ಅಳತೆಯನ್ನೂ ಇಟ್ಟುಕೊಳ್ಳಬೇಕು. ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ಜಾಗತಿಕ ಅಂದಾಜಿನಂತೆ, 2019ರಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾದಿಂದ ನೇರವಾಗಿ ಸತ್ತವರು 12.7 ಲಕ್ಷ, ಅದರ ನಂಟಿದ್ದ ಸಾವುಗಳು 49.5 ಲಕ್ಷ. 2025ರಿಂದ 2050ರ ನಡುವೆ ನೇರ ಸಾವುಗಳೇ 3.9 ಕೋಟಿ ದಾಟಬಹುದು ಎಂದು 2024ರ ಅಂದಾಜು ಹೇಳಿತು. ಈ ಗುಡ್ಡವನ್ನು ಹಾಸ್ಟೆಲಿನ ಹುಡುಗಿಯ ಮೂರು ಮಾತ್ರೆಗಳ ತಲೆಗೆ ಕಟ್ಟುವುದು ಅನ್ಯಾಯ. ಅನಗತ್ಯ ಚೀಟಿ ಬರೆಯುವ ವೈದ್ಯರು, ಪಶುಸಾಕಣೆಯಲ್ಲಿ ಸುರಿಯುವ ಔಷಧ, ಶುದ್ಧ ನೀರಿನ ಕೊರತೆ, ಸೋಂಕು ಹರಡುವ ಆಸ್ಪತ್ರೆಗಳು, ಇವುಗಳ ಪಾಲು ಎಷ್ಟೋ ದೊಡ್ಡದು. ನರ್ಸಿಂಗ್ ವಿದ್ಯಾರ್ಥಿಗಳು ಮುಖ್ಯವಾಗುವುದು ಬೇರೆ ಎರಡು ಕಾರಣಗಳಿಗೆ. ಬಗ್ಗದ ಬ್ಯಾಕ್ಟೀರಿಯಾವನ್ನು ಮೈಮೇಲೆ ಹೊತ್ತವರು ಆಸ್ಪತ್ರೆಯೊಳಗೆ, ಗಾಯ, ನಳಿಕೆ, ಸೂಜಿಗಳ ಹತ್ತಿರ ಇರುತ್ತಾರೆ. ಎರಡನೆಯದಾಗಿ, ಮುಂದಿನ ಮೂರು ನಾಲ್ಕು ದಶಕ ನೆಂಟರಿಂದ ಹಿಡಿದು ನೆರೆಯವರವರೆಗೆ ಎಲ್ಲರೂ ‘ಯಾವ ಮಾತ್ರೆ ತಗೊಳ್ಳಲಿ?’ ಎಂದು ಕೇಳುವುದು ಇವರನ್ನೇ. ಇಪ್ಪತ್ತರಲ್ಲಿ ತನಗೆ ಕೊಟ್ಟುಕೊಂಡ ಉತ್ತರವನ್ನೇ ನಲವತ್ತರಲ್ಲೂ ಕೊಡುತ್ತಾರೆ.

ಪಾಠದಲ್ಲಿ ಬದಲಾಗಬೇಕಾದದ್ದು

ಬೋಧನೆಯಲ್ಲಿ ಇನ್ನೂ ಉಳಿದಿರುವ ಒಂದು ಘೋಷವಾಕ್ಯ ‘ಶುರು ಮಾಡಿದರೆ ಕೋರ್ಸ್ ಮುಗಿಸಲೇಬೇಕು’. 2017ರಲ್ಲಿ ಬ್ರಿಟನ್ನಿನ ತಜ್ಞರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದನ್ನು ನೇರವಾಗಿಯೇ ಪ್ರಶ್ನಿಸಿದರು. ಬೇಗ ನಿಲ್ಲಿಸುವುದರಿಂದ ಪ್ರತಿರೋಧ ಹುಟ್ಟುತ್ತದೆ ಎಂಬುದಕ್ಕೆ ಆಧಾರ ಕಡಿಮೆ, ಅಗತ್ಯಕ್ಕಿಂತ ಹೆಚ್ಚು ದಿನ ತೆಗೆದುಕೊಳ್ಳುವುದರಿಂದ ಮೈಯಲ್ಲಿರುವ ಇತರ ಬ್ಯಾಕ್ಟೀರಿಯಾದಲ್ಲಿ ಅದು ಹೆಚ್ಚುತ್ತದೆ ಎಂಬುದು ಅವರ ವಾದ. ಕ್ಷಯದಂಥ ಕಾಯಿಲೆಗಳು ಇದಕ್ಕೆ ಹೊರತು, ಅಲ್ಲಿ ಪೂರ್ತಿ ಅವಧಿ ಬೇಕೇ ಬೇಕು. ವೈದ್ಯರು ನೋಡಿ ಬರೆದುಕೊಟ್ಟದ್ದನ್ನು ಅವರು ಹೇಳಿದಷ್ಟು ದಿನ ತೆಗೆದುಕೊಳ್ಳಿ ಎಂಬ ಸಲಹೆಗೂ ಇದರಿಂದ ಕುಂದಿಲ್ಲ. ಆದರೆ ವೈರಸ್ ಗಂಟಲುನೋವಿಗೆ ತಾನೇ ಮಾತ್ರೆ ಶುರು ಮಾಡಿ, ‘ಅರ್ಧಕ್ಕೆ ಬಿಟ್ಟರೆ ತಪ್ಪು’ ಎಂದು ಶ್ರದ್ಧೆಯಿಂದ ಕೊನೆಯವರೆಗೂ ನುಂಗುವವಳನ್ನು ನೋಡಿ. ಹೇಳಿಕೊಟ್ಟ ಪಾಠವನ್ನೇ ಆಕೆ ಪಾಲಿಸುತ್ತಿದ್ದಾಳೆ. ಶುರು ಮಾಡಬಾರದಿದ್ದ ಔಷಧಕ್ಕೆ ಕೋರ್ಸ್ ಎಂಬುದೇ ಇಲ್ಲ ಎಂದು ಆಕೆಗೆ ಯಾರೂ ಹೇಳಲಿಲ್ಲ.

ಔಷಧಶಾಸ್ತ್ರದ ಪ್ರಶ್ನೆಪತ್ರಿಕೆ ಸಾಮಾನ್ಯವಾಗಿ ಕೇಳುವುದು ವರ್ಗೀಕರಣ, ಕ್ರಿಯಾವಿಧಾನ, ಅಡ್ಡಪರಿಣಾಮ, ನರ್ಸ್ ವಹಿಸಬೇಕಾದ ಎಚ್ಚರಿಕೆ. ಇಪ್ಪತ್ತು ವರ್ಷದವಳಿಗೆ ಮೂರು ದಿನದ ಗಂಟಲುನೋವು, ಕೆಮ್ಮು, ಮೂಗು ಸೋರಿಕೆ ಇದೆ, ಆ್ಯಂಟಿಬಯೋಟಿಕ್ ಏಕೆ ಬೇಡ ಎಂದು ಆಕೆಗೆ ವಿವರಿಸಿ, ಯಾವ ಲಕ್ಷಣ ಕಂಡರೆ ಮತ್ತೆ ಬರಬೇಕು ಹೇಳಿ ಎಂಬ ಪ್ರಶ್ನೆ ಅಪರೂಪ. ಕೊಡದಿರುವುದನ್ನೂ ಒಂದು ಕೌಶಲವಾಗಿ ಕಲಿಸಿ, ಅದಕ್ಕೂ ಅಂಕ ಇಡಬೇಕು. ಕೆಮ್ಮು, ಮೂಗು ಸೋರಿಕೆ, ಕಣ್ಣು ಕೆಂಪಾಗುವುದು ಜೊತೆಗಿದ್ದರೆ ವೈರಸ್ ಇರಬಹುದು ಎಂಬ ಸರಳ ಸುಳಿವು, ಉಸಿರಾಟಕ್ಕೆ ತೊಂದರೆ, ಬಾಯಿ ತೆರೆಯಲಾಗದಿರುವುದು, ಎಂಜಲು ನುಂಗಲಾಗದಿರುವುದು ಇದ್ದರೆ ತಡಮಾಡದೆ ಆಸ್ಪತ್ರೆಗೆ ಎಂಬ ಎಚ್ಚರ, ನೋವಿಗೆ ಪ್ಯಾರಸಿಟಮಾಲ್, ನೀರು, ವಿಶ್ರಾಂತಿ. ಇಷ್ಟನ್ನು ರೋಗಿಗೆ ಹೇಳಬಲ್ಲವಳು ತನಗೂ ಹೇಳಿಕೊಳ್ಳಬಲ್ಲಳು.

ಅಂಗಡಿಗಳಲ್ಲಿ ಚೀಟಿ ಕಡ್ಡಾಯ ಮಾಡುವ ಕಾನೂನು ಅನೇಕ ದೇಶಗಳಲ್ಲಿದೆ, ಪಾಲನೆ ಸಡಿಲ. ಅದನ್ನು ಬಿಗಿ ಮಾಡಿದರೆ ಸಾಮಾನ್ಯರ ಮಟ್ಟಿಗೆ ಪ್ರಯೋಜನವಾದೀತು. ನರ್ಸಿಂಗ್ ವಿದ್ಯಾರ್ಥಿಗಳ ಮಟ್ಟಿಗೆ ಅದು ಅರ್ಧ ಮದ್ದು, ಪಡಸಾಲೆಯ ಆ ತಲೆಯಾಟವನ್ನು ಯಾವ ಕಾನೂನೂ ತಡೆಯದು. ಅದಕ್ಕಿಂತ ಕಾಲೇಜುಗಳ ಕೈಯಲ್ಲೇ ಇರುವ ಕೆಲಸಗಳಿವೆ. ಪಾಳಿ ಮುಗಿದ ಮೇಲೂ ತೆರೆದಿರುವ, ತಮ್ಮ ವಾರ್ಡಿನ ವೈದ್ಯರಲ್ಲದೆ ಬೇರೆಯವರು ನೋಡುವ, ಹೇಳಿಕೊಂಡದ್ದು ಮೆಟ್ರನ್ ಕಿವಿಗೆ ಬೀಳದ ಒಂದು ಚಿಕಿತ್ಸಾ ಕೊಠಡಿ. ಪ್ರಮಾಣಪತ್ರ ಕೇಳದೆ ವರ್ಷಕ್ಕೆ ಕೆಲವು ದಿನದ ಕಾಯಿಲೆ ರಜೆ. ತಪ್ಪಿದ ಪಾಳಿಯನ್ನು ಶಿಕ್ಷೆಯಾಗದಂತೆ ತುಂಬಿಕೊಡುವ ವ್ಯವಸ್ಥೆ.

ಮುಂದಿನ ಸಮೀಕ್ಷೆ ಮಾಡುವವರು ಜ್ಞಾನದ ಪ್ರಶ್ನೆಗಳಲ್ಲಿ ಅರ್ಧವನ್ನು ತೆಗೆದುಹಾಕಬಹುದು. ವೈರಸ್‌ಗೆ ಆ್ಯಂಟಿಬಯೋಟಿಕ್ ನಾಟುವುದೇ ಎಂದು ಕೇಳಿ ಹೊಸದಾಗಿ ತಿಳಿಯುವುದು ಏನೂ ಉಳಿದಿಲ್ಲ. ಆ ಜಾಗದಲ್ಲಿ ಹೀಗೆ ಕೇಳಲಿ: ಆ ಮಾತ್ರೆ ನುಂಗಿದ ದಿನ ನಿಮಗೆ ಪಾಳಿ ಇತ್ತೇ? ರಜೆ ಕೇಳಿದಿರಾ? ಕೇಳಿದ್ದರೆ ಏನು ಹೇಳಿದರು? ಕೇಳದಿದ್ದರೆ, ಏಕೆ?